ಹಿಂದಿನ ಕೋಣೆಯ ಮೇಜು

ಕೈಲಾಸ,

ರಾತ್ರಿಪಾಳಿ ಮುಗಿಸಿ ಬಂದವನೇ ಹಾಸಿಗೆಗೆ ಬೀಳಬೇಡ, ಮೊದಲು ಉಣ್ಣು. ಚಪಾತಿ ಡಬ್ಬಿಯಲ್ಲಿದೆ. ಖಾರದ ಪಲ್ಯ ನಿನಗೊಬ್ಬನಿಗೇ ಮಾಡಿದ್ದು, ನನ್ನ ಕರುಳಿನ ಕಾಯಿಲೆಗೆ ಮೊಸರನ್ನವೇ ಗತಿ. ಒದ್ದೆ ಟವೆಲ್ಲನ್ನು ನಮ್ಮ ಹಾಸಿಗೆಯ ಮೇಲೆ ಎಸೆಯಬೇಡ, ಎಷ್ಟು ಸಲ ಹೇಳಲಿ? ಪಾಳಿಗೆ ಹೊರಡುವ ಮುಂಚೆ ಲ್ಯಾಬಿನಿಂದ ನನ್ನ ರಿಪೋರ್ಟ್ ತಂದಿಡು.

ಆಫೀಸಿನಲ್ಲಿ ಟಾಯ್ಲೆಟ್ ಹತ್ತಿರ ಜಾಗ ಕೊಡಿ ಎಂದು ನಾನೇ ಕೇಳಿದ್ದೆ, ನಿಜ. ಸೇಠರು ಸೋಮವಾರ ನನ್ನ ಮೇಜನ್ನು ಹಿಂದೆ, ಟಾಯ್ಲೆಟ್ ಪಕ್ಕದ ಹಳೇ ಫೈಲುಗಳ ಕೋಣೆಗೆ ಹಾಕಿಸಿದರು. ಈಗ ಎಲ್ಲರೂ ನನ್ನ ಮುಂದೆಯೇ ಟಾಯ್ಲೆಟ್ಟಿಗೆ ಹೋಗುತ್ತಾರೆ, ಯಾರೂ ಮುಖ ನೋಡುವುದಿಲ್ಲ. ಊಟಕ್ಕೂ ಕರೆಯುವುದಿಲ್ಲ. ನಿನ್ನೆ ಬೆಳಿಗ್ಗೆ ನೀನು ಬಾಗಿಲಲ್ಲಿ ಸಿಕ್ಕಾಗ ಇದನ್ನು ಹೇಳಿದರೆ, "ಕೇಳಿದ್ದು ಸಿಕ್ಕೈತಲ್ಲ, ಮತ್ತೇನ ಬೇಕ ನಿನಗ?" ಅಂದೆ ನೀನು. ಡೊಂಬಿವಲಿಯಿಂದ ಕಳಂಬೋಲಿಯ ಆಫೀಸಿನವರೆಗೆ ನಾನು ಬಸ್ಸಿನಲ್ಲಿ ಅಳು ನುಂಗಿಕೊಂಡು ಹೋದೆ.

ಎಲ್ಲರ ಜೊತೆ ಹಾಲ್‌ನಲ್ಲೇ ಬಾಗಿಲ ಪಕ್ಕ ಕುರ್ಚಿ ಕೊಡಿ, ಟಾಯ್ಲೆಟ್ಟಿಗೆ ಹತ್ತು ಹೆಜ್ಜೆ ಹೆಚ್ಚು ನಡೆಯುತ್ತೇನೆ ಎಂದು ಇವತ್ತು ಸೇಠರಿಗೆ ಹೇಳುವವಳಿದ್ದೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಮಧ್ಯಾಹ್ನ ಒಂದೂವರೆಗೆ ಎಚ್ಚರವಾದರೆ ಫೋನ್ ಮಾಡು. ಮಾತಾಡದಿದ್ದರೂ ನಡೆಯುತ್ತದೆ, ನನ್ನ ಊಟ ಮುಗಿಯುವವರೆಗೆ ಲೈನಿನಲ್ಲಿರು.

ನೀಲಾಂಬಿಕಾ