ಬಾರದೇ ಹೋದ ದನಿ

ಬಾಲಿಗಂಜ್, ಕಲ್ಕತ್ತಾ
೧೮ ನವೆಂಬರ್ ೨೦೦೭, ಭಾನುವಾರ

ಅಪ್ಪ,

ನೀವು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದೀರಿ, ನಾನು ಊಟದ ಮೇಜಿನ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಎದುರು ನಿಂತು ಹೇಳಲು ಎರಡು ತಿಂಗಳಿಂದ ನೋಡಿದೆ, ಆಗಲಿಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಈ ಊರಿನ ಶಾಲೆಯಲ್ಲಿ ಓದಿದ ನನಗೆ ಕನ್ನಡ ಬರೆಯಲು ಕಲಿಸಿದವಳು ಅಮ್ಮ ಒಬ್ಬಳೇ.

ಮಾರ್ಚ್‌ನಲ್ಲಿ ನಿಮ್ಮ ಗಂಟಲಿನ ಆಪರೇಷನ್ ಆಯಿತು. ಕ್ಯಾನ್ಸರ್ ಹೋಯಿತು, ಅದರ ಜೊತೆ ಧ್ವನಿಪೆಟ್ಟಿಗೆಯೂ ಹೋಯಿತು. ಬಿಬಿಡಿ ಬಾಗ್‌ನ ಆಫೀಸಿನಲ್ಲಿ ಮೂವತ್ತು ವರ್ಷ ಎಲ್ಲರನ್ನೂ ಮಾತಿನಲ್ಲೇ ಗೆದ್ದ ನೀವು ಸ್ಲೇಟು ಹಿಡಿದಿರಿ. ನನಗಾದರೆ ಅದು ಸಾಕಿತ್ತು. ಅಮ್ಮನಿಗೆ ಹೇಗೆ ಸಾಕಾದೀತು? ಸಕ್ಕರೆ ಕಾಯಿಲೆ ಅವಳ ಕಣ್ಣು ಕಸಿದು ಆಗಲೇ ಎರಡು ವರ್ಷವಾಗಿತ್ತು. ನೀವು ಅವಳ ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿದಿರಿ. ಅಂಗೈಯೂ ಜೋಮು ಹಿಡಿದಿತ್ತು. ‘ಏನೋ ಹರಿದಾಡಿದ ಹಾಗಿದೆ ರೀ, ಏನೂಂತ ತಿಳಿಯಲ್ಲ’ ಅಂದಳು. ಆವತ್ತಿನಿಂದ ನೀವು ಅವಳಿಗೆ ಹೇಳಬೇಕಾದದ್ದೆಲ್ಲ ನನ್ನ ಬಾಯಿಂದಲೇ ಹೋಗಬೇಕಾಯಿತು. ನಾನು ಆಫೀಸಿಗೆ ಹೊರಟರೆ, ಸಂಜೆ ಬರುವವರೆಗೆ ಅಮ್ಮ ಕೇಳಿದ ಯಾವ ಮಾತಿಗೂ ಈ ಮನೆಯಲ್ಲಿ ಉತ್ತರವಿರುತ್ತಿರಲಿಲ್ಲ.

ಕತ್ತಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವನ್ನು ಡಾಕ್ಟರು ಮೇ ತಿಂಗಳಲ್ಲಿ ತೋರಿಸಿದರು. ಇನ್ನೊಬ್ಬ ರೋಗಿ ಅದನ್ನು ಹಿಡಿದು ನಮಗೆ ನಮಸ್ಕಾರ ಹೇಳಿದಾಗ ಅಮ್ಮ ನಕ್ಕಳು. ‘ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋ ಹಾಗಿದೆ. ಆದರೂ ಸಾಕು, ನಿಮ್ಮಪ್ಪ ನನ್ನ ಹೆಸರು ಹಿಡಿದು ಒಂದು ಸಲ ಕರೆದರೆ ಸಾಕು.’

ಮೆಡಿಕಲ್ ಕಾಲೇಜಿನ ಎದುರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ‘ನೇಯಿ ದೀದಿ’ ಎಂದು ಎಲ್ಲರೂ ಇಲ್ಲವೆಂದುಬಿಟ್ಟರು. ಒಂದು ವೆಬ್‌ಸೈಟಿನಲ್ಲಿ ಮಾತ್ರ ‘ಲಭ್ಯವಿದೆ’ ಎಂದಿತ್ತು. ಆರ್ಡರ್ ಮಾಡಿದ ದಿನ ನೀವು ಸ್ಲೇಟಿನ ತುಂಬ ದೊಡ್ಡದಾಗಿ ‘ಭೇಷ್’ ಎಂದು ಬರೆದಿರಿ.

ಹನ್ನೊಂದು ದಿನದ ಮೇಲೆ ಇಮೇಲ್ ಬಂತು. ವಸ್ತು ಸ್ಟಾಕ್‌ನಲ್ಲಿ ಇಲ್ಲದ ಕಾರಣ ನಿಮ್ಮ ಆರ್ಡರ್ ರದ್ದಾಗಿದೆ, ಸಹಕಾರಕ್ಕೆ ಧನ್ಯವಾದ. ಅದೇ ಗಳಿಗೆಯಲ್ಲಿ ತೆರೆದು ನೋಡಿದರೆ ಪುಟದಲ್ಲಿ ಇನ್ನೂ ‘ಲಭ್ಯವಿದೆ’ ಎಂದೇ ಇತ್ತು. ಮತ್ತೆ ಆರ್ಡರ್ ಮಾಡಿದೆ. ಜುಲೈನಲ್ಲಿ ಅದೂ ರದ್ದಾಯಿತು. ಅವರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ‘ಸಿಸ್ಟಮ್‌ನಲ್ಲಿ ಇದೆ ಮೇಡಂ, ಗೋಡೌನ್‌ನಲ್ಲಿ ಇಲ್ಲ. ಮತ್ತೆ ಟ್ರೈ ಮಾಡಿ’ ಎಂದಳು ಫೋನ್ ಎತ್ತಿದ ಹುಡುಗಿ. ಮೂರನೆಯ ಸಲವೂ ಆರ್ಡರ್ ಮಾಡಿದೆ. ನಾನು ಸಾಲ್ಟ್ ಲೇಕಿನ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಏನು ಹೇಳಿ? ಅಮೆರಿಕದ ಅಂಗಡಿಯೊಂದಕ್ಕೆ, ಖಾಲಿಯಾದ ಸಾಮಾನು ಪುಟದಲ್ಲಿ ಉಳಿಯದಂತೆ ಪ್ರೋಗ್ರಾಂ ಬರೆಯುವುದು. ಅಲ್ಲಿಯವರಿಗೆ ಒಂದು ಜೊತೆ ಶೂ ತಪ್ಪಿದರೂ ನನಗೆ ಬೈಗುಳ ಬರುತ್ತಿತ್ತು.

ಆರ್ಡರ್ ರದ್ದಾದದ್ದನ್ನು ನಿಮಗಿಬ್ಬರಿಗೂ ನಾನು ಹೇಳಲಿಲ್ಲ. ಮುಂಬೈಗೆ ಬಂದಿದೆ ಎಂದೆ, ಕಸ್ಟಮ್ಸ್‌ನಲ್ಲಿ ತಡ ಎಂದೆ. ಎಲ್ಲ ಸುಳ್ಳು. ಬಾಗಿಲ ಸದ್ದಾದಾಗಲೆಲ್ಲ ಅಮ್ಮ ‘ಪಾರ್ಸೆಲ್ಲಾ?’ ಎನ್ನುತ್ತಿದ್ದಳು.

ಆಗಸ್ಟ್ ಕೊನೆಗೆ ಅವಳ ಕಿಡ್ನಿ ಕೈಕೊಟ್ಟಿತು. ಮೂರನೆಯ ರದ್ದು ಬಂದದ್ದು ಅವಳು ಐಸಿಯುನಲ್ಲಿದ್ದ ಶುಕ್ರವಾರ. ಆಪರೇಷನ್ ಆದಮೇಲೆ ನೀವು ಉಸಿರಾಡುವ ಕತ್ತಿನ ರಂಧ್ರಕ್ಕೆ ಸೋಂಕು ತಗುಲೀತೆಂದು ನಿಮ್ಮನ್ನು ಒಳಗೆ ಬಿಡಲಿಲ್ಲ. ನೀವು ಹೊರಗಿನ ಬೆಂಚಿನ ಮೇಲೆ ಕೂತು ಒಂದು ಚೀಟಿ ಬರೆದು, ಮಡಿಸಿ ನನ್ನ ಕೈಗಿಟ್ಟಿರಿ. ಅವಳ ಕಿವಿಯ ಹತ್ತಿರ ಓದು ಎಂದು ಸನ್ನೆ ಮಾಡಿದಿರಿ.

ಆ ಚೀಟಿ ಇದರ ಜೊತೆಗಿಟ್ಟಿದ್ದೇನೆ. ‘ಜಾನಕಿ, ತುಂಬಾ ನೋವಿದ್ದರೆ ನನಗೋಸ್ಕರ ತಡೆದುಕೊಳ್ಳಬೇಡ. ನನ್ನ ಯೋಚನೆ ಬಿಡು. ನೀನು ಹೊರಡು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.’

ಅಪ್ಪ, ನಾನು ಅದನ್ನು ಓದಲಿಲ್ಲ.

ಚೀಟಿ ಬಿಚ್ಚಿ ಅವಳ ಕಿವಿಯ ಹತ್ತಿರ ಬಗ್ಗಿದೆ. ಅವಳನ್ನು ನನ್ನ ಬಾಯಿಂದಲೇ ಕಳಿಸಿಕೊಡಬೇಕಾಗಿತ್ತು, ನನ್ನಿಂದ ಆಗಲಿಲ್ಲ. ‘ಅಪ್ಪನ ಮಿಷನ್ ಬಂತಂತೆ ಅಮ್ಮ, ಸೋಮವಾರ ಮಾತಾಡ್ತಾರಂತೆ’ ಎಂದುಬಿಟ್ಟೆ. ಅವಳ ಮುಖ ಅರಳಿತು. ‘ಹಾಗಾದ್ರೆ ಸೋಮವಾರದ ತನಕ ಇರ್ತೀನಿ ಬಿಡು’ ಅಂದಳು. ಹೊರಗೆ ಬಂದಾಗ ನೀವು ಕಣ್ಣಲ್ಲೇ ಕೇಳಿದಿರಿ, ಓದಿದೆ ಎಂದು ತಲೆಯಾಡಿಸಿದೆ.

ಅವಳು ಇದ್ದಳು. ಶನಿವಾರ, ಭಾನುವಾರ, ಉಸಿರಿಗೆ ಒದ್ದಾಡುತ್ತ ಇದ್ದಳು. ಇಷ್ಟು ಹೊತ್ತಿಗೆ ಹೋಗಬೇಕಿತ್ತು, ಏಕೆ ಹಿಡಿದುಕೊಂಡಿದ್ದಾರೋ ಎಂದು ನರ್ಸ್ ಅಂದಳು. ನನಗೆ ಗೊತ್ತಿತ್ತು. ಆಗಲಾದರೂ ಚೀಟಿ ಓದಬಹುದಿತ್ತು. ಸೋಮವಾರ ಮಧ್ಯಾಹ್ನ ‘ಬಂದ್ರಾ?’ ಎಂದು ಕೇಳಿದಳು. ನಾನು ಅವಳ ಹೊದಿಕೆ ಸರಿಮಾಡಿದೆ. ಆಮೇಲೆ ಅವಳು ಮಾತಾಡಲಿಲ್ಲ, ಸಂಜೆ ಹೋದಳು.

ವೈಕುಂಠ ಸಮಾರಾಧನೆ ಮುಗಿದ ಮರುವಾರ ಡಾಕ್ಟರು ಯಾರೋ ಬಳಸಿಬಿಟ್ಟ ಯಂತ್ರವೊಂದನ್ನು ಕಳಿಸಿಕೊಟ್ಟರು. ನೀವು ಅದನ್ನು ತಿರುಗಿಸಿ ನೋಡಿ, ಸ್ಲೇಟಿನಲ್ಲಿ ‘ಯಾರಿಗೆ?’ ಎಂದು ಬರೆದು ಬೀರುವಿನಲ್ಲಿಟ್ಟಿರಿ.

ಆ ವೆಬ್‌ಸೈಟನ್ನು ನಾನು ಎಷ್ಟು ಶಪಿಸಿದರೂ, ಆ ಮೂರು ದಿನ ಅವರದಲ್ಲ, ನನ್ನದು. ಇದನ್ನು ಹೊತ್ತುಕೊಂಡು ನಿಮಗೆ ಅನ್ನ ಬಡಿಸುವುದು ಇನ್ನು ನನ್ನಿಂದಾಗದು. ಕ್ಷಮಿಸಿದ್ದೇನೆ ಎಂದು ಸ್ಲೇಟಿನಲ್ಲಿ ಬರೆಯಬೇಡಿ. ಯಾರ ಮಾತನ್ನೂ ಓದುವ ಯೋಗ್ಯತೆ ನನಗಿಲ್ಲ. ಬೀರು ತೆಗೆದು, ಆ ಯಂತ್ರ ಹಿಡಿದು ನನ್ನನ್ನು ಬೈಯಿರಿ.

ನಾನು ಲೇಕ್ ಮಾರ್ಕೆಟ್‌ಗೆ ತರಕಾರಿಗೆ ಹೋಗುತ್ತಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ ಇದೆ. ಹನ್ನೊಂದಕ್ಕೆ ಬಂದು ಬೆಲ್ ಒತ್ತುತ್ತೇನೆ. ಒಳಗಿನಿಂದ ‘ಯಾರು’ ಎಂದು ಕೇಳಿ ಅಪ್ಪ. ಆಮೇಲೆ ಬಾಗಿಲು ತೆಗೆಯದಿದ್ದರೂ ಸರಿ.

ದೇವರು ನಿಮ್ಮನ್ನು ನನಗಾಗಿ ಇನ್ನಷ್ಟು ಕಾಲ ಇಟ್ಟಿರಲಿ.

ನಿಮ್ಮ ಮಗಳು,
ನಮ್ರತಾ