ಮಾತ್ರೆ ಡಬ್ಬಿಯಲ್ಲಿ ಬಂದ ಗಂಡು

ಅತ್ತೆಯವರಿಗೆ ನಮಸ್ಕಾರ.

ಈ ಪತ್ರ ಓದಿ ಮುಗಿಸುವವರೆಗೆ ನಿಮ್ಮ ಗುಲಾಬಿ ಕುಂಡಗಳಿಗೆ ಕೀಟನಾಶಕ ಹೊಡೆಯಬೇಡಿ. ಮುಗಿಸಿದ ಮೇಲೂ ಬೇಡ.

ಜೇಡಗಳ ಸಂಶೋಧನೆಗೆಂದು ಓಕ್ ಕಾಡಿನಿಂದ ನಾನು ತಂದಿದ್ದ ತರಗೆಲೆಯ ಚೀಲವನ್ನು ಕಸವೆಂದುಕೊಂಡು ನೀವು ಒಯ್ದು ಆ ಕುಂಡಗಳಿಗೆ ಸುರಿದಿರಿ. ನಾನು ಮುಖ ಊದಿಸಿಕೊಂಡಿದ್ದೆ. ಆ ಚೀಲದ ಮೊದಲ ಹಿಡಿ ಎಲೆಯಲ್ಲೇ ನನಗೆ ಎಳ್ಳುಕಾಳಿನಷ್ಟು ಚಿಕ್ಕ ಹೆಣ್ಣು ಜೇಡವೊಂದು ಸಿಕ್ಕಿತ್ತು. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಪ್ರೊಫೆಸರ್ ಮಾತ್ರ, "ಗಂಡೂ ಸಿಗಲಿ, ಆಮೇಲೆ ಹೊಸ ಜಾತಿ ಅನ್ನೋಣ" ಎಂದುಬಿಟ್ಟರು. ಅಂದಿನಿಂದ ಆ ಹೆಣ್ಣಿಗೊಂದು ಗಂಡು ಹುಡುಕಿ ಹುಡುಕಿ ಸೋತಿದ್ದೆ.

ನಿನ್ನೆ ನಿಮ್ಮ ಮಗ ನೀವು ಕೊಟ್ಟ ಮಾತ್ರೆ ಡಬ್ಬಿ ತಂದರು. "ಎಂಥೆಂಥ ಹುಳ ತಂದು ಹಾಕಿದಾಳೆ ಅಂತ ನಿನ್ನ ಹೆಂಡ್ತಿಗೇ ತೋರ್ಸು" ಅಂದಿರಂತೆ. ಒಳಗಿದ್ದ ಜೇಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಆ ಹೆಣ್ಣಿಗಿದ್ದಂಥವೇ ಆರು ಕಣ್ಣು, ಮುಖದ ಮುಂದೆ ಗಂಡು ಜೇಡಕ್ಕೆ ಮಾತ್ರ ಇರುವ, ಕೈಗವಸು ತೊಟ್ಟಂಥ ಎರಡು ಪುಟ್ಟ ಕೈ. ಗಂಡು, ಅತ್ತೆ. ಕುರ್ಚಿಯಿಂದ ಎದ್ದವಳು ಮತ್ತೆ ಕೂರಲೇ ಇಲ್ಲ. ಪ್ರೊಫೆಸರ್ ಕೂಡ, "ಯಾರಮ್ಮ ಹಿಡಿದದ್ದು? ಒಂದು ಕಾಲೂ ಮುರಿದಿಲ್ಲ" ಎಂದರು.

ಜೇಡವನ್ನಿಟ್ಟ ಸೀಸೆಯ ಮೇಲಿನ ಚೀಟಿಯಲ್ಲಿ ಹಿಡಿದವರ ಹೆಸರಿರಬೇಕು. ನಿಮ್ಮದನ್ನೇ ಬರೆದಿದ್ದೇನೆ. ಉಳಿದ ಎಲೆಯನ್ನೂ ಸೋಸಲು ಭಾನುವಾರ ಜರಡಿ ಹಿಡಿದು ಬರುತ್ತೇನೆ, ಅಲ್ಲಿಯವರೆಗೆ ಕುಂಡಗಳ ಹತ್ತಿರ ಪೊರಕೆ ಸುಳಿಯದಿರಲಿ.

ಇನ್ನೊಂದು ಮಾತು. ಬರೀ ಬೈಯುವುದಕ್ಕೆ ಕಳಿಸಿದ ಡಬ್ಬಿಯ ಮುಚ್ಚಳಕ್ಕೆ ಯಾರೂ ಗಾಳಿಯಾಡಲೆಂದು ಸೂಜಿಯಲ್ಲಿ ತೂತು ಮಾಡುವುದಿಲ್ಲ, ಅತ್ತೆ.

ನಿಮ್ಮ ಸೊಸೆ