ಗೋಡೆಯ ಮೇಲಿನ ಹನ್ನೊಂದು

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ ನಮಸ್ಕಾರ.

ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕಾಗದವೇಕೆ ಎಂದು ನಗಬೇಡ. ನಿನ್ನ ಎದುರು ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದು ನಿನಗೆ ಗೊತ್ತು, ಅದನ್ನೇ ನೀನು ಬಳಸಿಕೊಂಡೆ. ಹತ್ತು ದಿನ ತಡವಾಯಿತು, ಕ್ಷಮಿಸು ಎನ್ನಬೇಕು, ಎನ್ನುವುದಿಲ್ಲ. ಮೂರು ಸಲ ಬರೆದು ಹರಿದೆ. ನಾಲ್ಕನೇ ಕ್ಲಾಸಿನವಳ ಅಕ್ಷರ, ಸೊಟ್ಟಗಿದ್ದರೆ ಸಹಿಸಿಕೋ.

ಅಮ್ಮನ ಮಂಡಿನೋವು ಹಾಗೇ ಇದೆ. ನೀನು ಕೊಟ್ಟ ಮುಲಾಮು ಮುಗಿಯಿತು.

ಈಗ ಆ ದಿನದ ಮಾತು. ಗುಣಮಟ್ಟ ನೋಡುವ ತಂಡ ಬರುತ್ತದೆಂದು ವಾರ್ಡಿಗೆ ಸುಣ್ಣ ಬಳಿದು, ಗೋಡೆಗೆ ಹೊಸದಾಗಿ ನಂಬರ್ ಬರೆಸಿದ್ದರು. ಹನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ಟೈಲರಮ್ಮ. ಅವರ ಮಂಚದ ಒಂದು ಕಾಲು ಮುರಿದು, ಕೆಳಗೆ ಇಟ್ಟಿಗೆ ಇಟ್ಟಿದ್ದರು. "ಬಾಗಿಲಿಂದ ನೇರ ಕಣ್ಣಿಗೆ ಬೀಳತ್ತೆ. ಆ ಕುಂಟು ಮಂಚ ಮೂಲೆಗೆ ತಳ್ಳೇ, ಮೂಲೆಯದನ್ನ ಇಲ್ಲಿಗೆ ತಾ" ಎಂದವಳು ನೀನು. ಮನುಷ್ಯರ ಸಮೇತ ತಳ್ಳಿದವಳು ನಾನು. "ನಿಧಾನ ಕಣೇ, ಮೆರವಣಿಗೆ ಹೊರಟ ಹಾಗಿದೆ" ಎಂದು ಟೈಲರಮ್ಮ ನಕ್ಕರು. ಮೂಲೆಯಲ್ಲಿದ್ದ ಸೊಂಟ ಮುರಿದ ಅಜ್ಜಿ ಹನ್ನೊಂದರ ಕೆಳಗೆ ಬಂದರು.

ಆಮೇಲೆ ನೀನು ಇನ್ಸುಲಿನ್ ಹಿಡಿದು ಬಂದೆ. ನಿನ್ನ ಪಟ್ಟಿಯಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ನೀನು ನೋಡಿದ್ದು ಗೋಡೆಯನ್ನು, ಮುಖವನ್ನಲ್ಲ. "ಹನ್ನೊಂದು, ತೋಳು ಕೊಡಿ." ಕಿವಿ ಮಂದವಾದ ಅಜ್ಜಿ ಕೊಟ್ಟರು. "ಸಿಸ್ಟರ್, ಅದು..." ಎಂದೆ. ಒಡಹುಟ್ಟಿದವಳನ್ನೇ ಸಿಸ್ಟರ್ ಎಂದು ಕರೆಯಬೇಕೆಂದು ಕಟ್ಟು ಮಾಡಿದವಳೂ ನೀನೇ.

"ಸೂಜಿ ಹಿಡಿದಿರೋದು ನಾನೋ ನೀನೋ? ನೆಲ ಒರೆಸು."

ಒರೆಸಿದೆ. ಅದು ನನ್ನ ತಪ್ಪು.

ಗಂಟೆಯೊಳಗೆ ಅಜ್ಜಿ ಬೆವತು, ನಡುಗಿ, ಕಣ್ಣು ಮೇಲೆ ಮಾಡಿದರು. ಹೊಸ ಡಾಕ್ಟರು ಗ್ಲೂಕೋಸ್ ಏರಿಸಿ ಉಳಿಸಿಕೊಂಡರು. ಅಜ್ಜಿಯ ಸೊಸೆಗೆ ನೀನು ಹೇಳಿದ್ದೇನು? "ಊಟ ತಡವಾಯ್ತಲ್ಲ, ಅದಕ್ಕೆ ತಲೆ ಸುತ್ತಿದೆ." ಆ ಹೆಂಗಸು ನಿನಗೆ ಕೈ ಮುಗಿದಳು. ನೀನು ಕೈ ಮುಗಿಸಿಕೊಂಡೆ.

ನಿನ್ನೆ ಗುಮಾಸ್ತರು ಹಾಳೆ ಚಾಚಿ, "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಎಂದರು. ನಾನು ಓದತೊಡಗಿದಾಗ ಅವರ ಮುಖ ನೋಡಬೇಕಿತ್ತು. 'ಸಹಾಯಕಿಯು ಯಾರ ಅಪ್ಪಣೆಯೂ ಇಲ್ಲದೆ ಮಂಚ ಬದಲಿಸಿದ್ದರಿಂದ' ಎಂದಿತ್ತು. ಕೆಳಗೆ ನಿನ್ನ ಸಹಿ. ಒತ್ತಿದರೆ ನನ್ನ ಕೆಲಸ ಹೋಗುತ್ತದೆ, ಒತ್ತದಿದ್ದರೆ ನಿನ್ನ ಬಡ್ತಿ. ನಾನು ಹೋದರೂ ನಿನ್ನ ಪಟ್ಟಿಗೆ ರೋಗಿಗಳ ಹೆಸರು ಬರುವುದಿಲ್ಲ. ಮುಂದಿನ ಅಜ್ಜಿ ಉಳಿಯದಿರಬಹುದು.

"ಯಾರು ಮಾಡಿದ್ರು ಅಂತ ಬೇಡ, ಏನಾಯ್ತು ಅಂತ ಬರಿ" ಎಂದು ಹೊಸ ಡಾಕ್ಟರು ಬಿಳಿ ಹಾಳೆ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಕೊಡುತ್ತೇನೆ. ನೆಲ ಒರೆಸಿದ್ದನ್ನೂ ಬರೆದಿದ್ದೇನೆ. ಅಜ್ಜಿಯ ಸೊಸೆಗೂ ನಾನೇ ಹೇಳುತ್ತೇನೆ. ಅಡ್ಡ ಬರಬೇಡ.

ಪುಟ್ಟಿಗೆ ಚಿಕ್ಕಮ್ಮನ ಮುತ್ತು. ನೀನು ಚೆನ್ನಾಗಿರು ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಇರು.

ನಿನ್ನ ತಂಗಿ

ಇನ್ನೊಂದು: ಗುಮಾಸ್ತರು ಹೇಳಿದರು, "ಮುಖ ಹೋಲತ್ತಲ್ಲ, ನಿಮಗೇನಾದ್ರೂ ಆಗ್ಬೇಕಾ ಅಂತ ಸಿಸ್ಟರನ್ನ ಕೇಳ್ದೆ ಕಣಮ್ಮ. 'ಛೇ, ಅದು ಹೊರಗುತ್ತಿಗೇದು' ಅಂದ್ರು." ತಂಗಿ ಎನ್ನದಿದ್ದರೆ ಹೋಗಲಿ ಅಕ್ಕಾ. 'ಅವಳು' ಅಂತಲಾದರೂ ಅನ್ನಬಾರದಿತ್ತೇ?